ಗಂಡಸರ ಮೇಜಿನ ಮುಂದೆ ಮಸಾಕೊ ಕತ್ಸುರಾ

ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಕೇರಂ ಆಡದವರು ಕಡಿಮೆ. ನಡುವೆ ಬೇರೆ ಕಾಯಿನ್ ಅಡ್ಡ ಬಂದಾಗ ಸ್ಟ್ರೈಕರನ್ನ ಎದುರಿನ ಫ್ರೇಮಿಗೆ ಹೊಡೆದು, ರಿಬೌಂಡ್‌ನಲ್ಲಿ ಕಾಯಿನ್ ಹಾಕಿದವನಿಗೆ ಸುತ್ತ ನಿಂತವರಿಂದ ಒಂದು ಶಿಳ್ಳೆಯಾದರೂ ಬಿದ್ದೇ ಬೀಳುತ್ತೆ. ಈಗ ಆ ಬೋರ್ಡಿನ ನಾಲ್ಕೂ ಪಾಕೆಟ್ ಮುಚ್ಚಿಬಿಡಿ. ಕಾಯಿನ್ ಎರಡೇ ಇರಲಿ. ಸ್ಟ್ರೈಕರ್ ಎರಡನ್ನೂ ಮುಟ್ಟಬೇಕು, ಆದರೆ ಎರಡನೆಯದನ್ನ ಮುಟ್ಟೋದರೊಳಗೆ ಕನಿಷ್ಠ ಮೂರು ಸಲ ಫ್ರೇಮಿಗೆ ತಾಗಿರಬೇಕು. ಹಾಗೆ ಮುಟ್ಟಿದರೆ ಒಂದು ಪಾಯಿಂಟು. ತಪ್ಪಿದರೆ ಸರದಿ ಎದುರಿನವರಿಗೆ.

ಬೋರ್ಡಿನ ಬದಲು ಹತ್ತು ಅಡಿ ಉದ್ದ, ಐದು ಅಡಿ ಅಗಲದ ಹಸಿರು ಬಟ್ಟೆ ಹೊದಿಸಿದ ಮೇಜು, ಸ್ಟ್ರೈಕರ್ ಬದಲು ಕೋಲಿನಿಂದ ಹೊಡೆಯುವ ಚೆಂಡು ಅಂದುಕೊಂಡರೆ ಅದೇ ಥ್ರೀ-ಕುಷನ್ ಬಿಲಿಯರ್ಡ್ಸ್. ಸ್ನೂಕರ್, ಪೂಲ್ ಎಲ್ಲಾ ಇದರ ದಾಯಾದಿಗಳೇ. ಅವುಗಳಲ್ಲಿ ಚೆಂಡು ಬೀಳೋಕೆ ಗುಂಡಿ ಇದೆ, ಇದರಲ್ಲಿ ಅದೂ ಇಲ್ಲ. ಬರೀ ಕೋನ, ವೇಗ, ಸ್ಪಿನ್. ಇದನ್ನ ಆಡೋಕೆ ತೋಳಿನ ಬಲ ಬೇಕಿಲ್ಲ, ಎತ್ತರ ಬೇಕಿಲ್ಲ, ಓಡಬೇಕಾಗಿಯೂ ಇಲ್ಲ. ಆದರೂ ವಿಶ್ವ ಚಾಂಪಿಯನ್‌ಶಿಪ್ ಅನ್ನೋ ಹೆಸರಿನ ಪಂದ್ಯಾವಳಿಯಲ್ಲಿ ಒಬ್ಬ ಹೆಂಗಸು ಮೊದಲ ಸಲ ಕ್ಯೂ ಹಿಡಿದು ನಿಂತಿದ್ದು 1952ರಲ್ಲಿ. ಆಕೆ ಜಪಾನಿನ ಮಸಾಕೊ ಕತ್ಸುರಾ. ಆ ಹೊತ್ತಿಗೆ ಅವರಿಗೆ 39 ವರ್ಷ.

ಅವರು ಯಾವತ್ತೂ ವಿಶ್ವ ಚಾಂಪಿಯನ್ ಆಗಲಿಲ್ಲ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು. ರ್‍ಯಾಂಕು, ಸಿಜಿಪಿಎ ಅಂತ ಲೆಕ್ಕ ಹಾಕಿಕೊಂಡೇ ಓಡಾಡುವ ನಮಗೆ ಏಳನೇ ಸ್ಥಾನ, ಐದನೇ ಸ್ಥಾನ ಅಂದರೆ ಅಷ್ಟೇನಾ ಅನ್ನಿಸಬಹುದು. ಅದರ ಬೆಲೆ ಏನು ಅಂತ ಗೊತ್ತಾಗಬೇಕಾದರೆ ಆ ಮೇಜಿನವರೆಗೆ ಅವರು ಬಂದ ದಾರಿ ನೋಡಬೇಕು.

ಅಕ್ಕ-ಭಾವನ ಆಸರೆ

ಮಸಾಕೊ ಹುಟ್ಟಿದ್ದು 1913ರಲ್ಲಿ, ಟೋಕಿಯೊದಲ್ಲಿ. ಚಿಕ್ಕವಳಿದ್ದಾಗ ಆರೋಗ್ಯ ಅಷ್ಟಕ್ಕಷ್ಟೇ, ಬೇಗ ಸುಸ್ತಾಗುತ್ತಿದ್ದ ಹುಡುಗಿ. ಹನ್ನೆರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ಅಕ್ಕ ಮತ್ತು ಭಾವನ ಮನೆ ಆಸರೆಯಾಯಿತು. ಆ ಭಾವನವರು ಒಂದು ಬಿಲಿಯರ್ಡ್ಸ್ ಪಾರ್ಲರ್ ಇಟ್ಟುಕೊಂಡಿದ್ದರು. ಆಟ ಆಡಿದರೆ ಮೈಗೆ ಸ್ವಲ್ಪ ವ್ಯಾಯಾಮ ಆಗುತ್ತೆ, ಹುಡುಗಿ ಗಟ್ಟಿಯಾಗ್ತಾಳೆ ಅನ್ನೋದು ಅಮ್ಮನ ಆಸೆ.

ಆಗಿನ ಜಪಾನಿನ ಪಾರ್ಲರುಗಳಲ್ಲಿ ಹುಡುಗಿಯರು ಇರಲಿಲ್ಲ ಅಂತೇನಿಲ್ಲ, ಇದ್ದರು. ಬಂದ ಗಂಡಸರ ಆಟಕ್ಕೆ ಪಾಯಿಂಟ್ ಎಣಿಸೋದು, ಚೆಂಡು ಜೋಡಿಸೋದು, ಬೇಕಾದದ್ದು ತಂದುಕೊಡೋದು ಅವರ ಕೆಲಸ. ಹದಿನಾಲ್ಕನೇ ವಯಸ್ಸಿಗೆ ಮಸಾಕೊ ಕೂಡ ಅದೇ ಕೆಲಸಕ್ಕೆ ಸೇರಿಕೊಂಡಳು. ಬೇರೆ ಹುಡುಗಿಯರಿಗೂ ಇವಳಿಗೂ ಇದ್ದ ವ್ಯತ್ಯಾಸ ಒಂದೇ. ಇವಳಿಗೆ ಪಾರ್ಲರ್ ಮನೆಯವರದ್ದು. ಆಸಕ್ತಿ ಇದೆ ಅಂತ ಗೊತ್ತಾದ ಮೇಲೆ ಅಕ್ಕ-ಭಾವ ಮನೆಗೇ ಒಂದು ಮೇಜು ತಂದು ಹಾಕಿದರು. ದಿನವೂ, ಗಂಟೆಗಟ್ಟಲೆ, ಯಾರೂ ಏಳು ಅನ್ನದ ಮೇಜಿನ ಮೇಲೆ ಅಭ್ಯಾಸ.

ಅದರ ಫಲ ಬೇಗ ಸಿಕ್ಕಿತು. ಹದಿನೈದನೇ ವಯಸ್ಸಿನಲ್ಲಿ ಜಪಾನಿನ ಮಹಿಳೆಯರ ಸ್ಟ್ರೈಟ್ ರೈಲ್ ಚಾಂಪಿಯನ್‌ಶಿಪ್ ಗೆದ್ದಳು. ಸ್ಟ್ರೈಟ್ ರೈಲ್ ಅಂದರೆ ಇದೇ ಮೇಜಿನ ಮೇಲೆ ಆಡುವ ಸರಳ ಆಟ. ಮೂರು ಕುಷನ್ನಿನ ಷರತ್ತು ಇಲ್ಲ, ನಮ್ಮ ಚೆಂಡು ಬೇರೆ ಎರಡು ಚೆಂಡಿಗೂ ತಾಗಿದರೆ ಒಂದು ಪಾಯಿಂಟು. ಗೆದ್ದ ಸ್ವಲ್ಪ ದಿನಕ್ಕೇ ಮಸಾಕೊ ವೃತ್ತಿಪರ ಆಟಗಾರ್ತಿಯಾದರು. ತಂಗಿಯೊಬ್ಬಳ ಜತೆ ಜಪಾನ್, ಚೀನಾ, ಈಗಿನ ತೈವಾನ್ ಸುತ್ತಿ ಪ್ರದರ್ಶನ ಕೊಟ್ಟರು. ಮುಂದೆ ತಂಗಿಯರೂ ಅದೇ ಮಹಿಳಾ ಪ್ರಶಸ್ತಿ ಗೆದ್ದರು. ಒಂದೇ ಮನೆಯಲ್ಲಿ ಇಷ್ಟು ಜನ ಚಾಂಪಿಯನ್ನರು ಬಂದರಲ್ಲ, ಅದು ರಕ್ತದ ಗುಣಾನೋ ಅಥವಾ ಮನೆಯೊಳಗಿದ್ದ ಆ ಮೇಜಿನ ಗುಣಾನೋ ನೀವೇ ಯೋಚಿಸಿ.

ಹತ್ತು ಸಾವಿರ

ಮಸಾಕೊ ಅವರ ಬಗ್ಗೆ ಹೇಳುವಾಗ ಒಂದು ಸಂಖ್ಯೆ ಬಿಡೋ ಹಾಗೇ ಇಲ್ಲ. ಒಂದು ಪ್ರದರ್ಶನದಲ್ಲಿ ಅವರು ಸ್ಟ್ರೈಟ್ ರೈಲ್‌ನಲ್ಲಿ ಒಂದೂ ತಪ್ಪದೆ ಸತತ 10,000 ಪಾಯಿಂಟ್ ಹೊಡೆದರು. ಅದಕ್ಕೆ ಹಿಡಿದ ಸಮಯ ಸುಮಾರು ನಾಲ್ಕೂವರೆ ಗಂಟೆ. ಎರಡು ಚೆಂಡುಗಳನ್ನ ಮೇಜಿನ ಅಂಚಿಗೆ ಒಟ್ಟಿಗೆ ತಂದುಕೊಂಡು, ಮೆಲ್ಲಗೆ ಮುಟ್ಟಿ ಮುಟ್ಟಿ ಅಂಚಿನುದ್ದಕ್ಕೂ ತಳ್ಳಿಕೊಂಡು ಹೋಗೋದು ಇದರ ತಂತ್ರ. ಹಾಗೆ ಅವರು ಇಡೀ ಮೇಜನ್ನ ಸುಮಾರು 27 ಸುತ್ತು ಹಾಕಿದರು. ಕೊನೆಗೆ ನಿಲ್ಲಿಸಿದ್ದು ಹೊಡೆತ ತಪ್ಪಿ ಅಲ್ಲ, ಸಂಖ್ಯೆ ಪೂರ್ತಿ ಆಯ್ತಲ್ಲ, ಸಾಕು ಅಂತ.

ನಾವು ಎಂಜಿನಿಯರಿಂಗ್ ಹುಡುಗರು, ಹುಡುಗಿಯರು. ಕ್ಯಾಲ್ಕುಲೇಟರ್ ತೆಗೆಯದೆ ಮುಂದಕ್ಕೆ ಹೋಗೋಕಾಗಲ್ಲ. ನಾಲ್ಕೂವರೆ ಗಂಟೆ ಅಂದರೆ 16,200 ಸೆಕೆಂಡು. ಹತ್ತು ಸಾವಿರಕ್ಕೆ ಭಾಗಿಸಿದರೆ ಒಂದು ಹೊಡೆತಕ್ಕೆ 1.6 ಸೆಕೆಂಡ್. ಈಗಿನ ಪ್ರಮಾಣಿತ ಮೇಜಿನ ಆಟದ ಜಾಗ 2.84 ಮೀಟರ್ ಉದ್ದ, 1.42 ಮೀಟರ್ ಅಗಲ. ಸುತ್ತಳತೆ ಸುಮಾರು ಎಂಟೂವರೆ ಮೀಟರ್. 27 ಸುತ್ತಿಗೆ 10,000 ಹೊಡೆತ ಅಂದರೆ ಸುತ್ತಿಗೆ 370. ಅಂದರೆ ಒಂದೊಂದು ಹೊಡೆತಕ್ಕೆ ಚೆಂಡುಗಳು ಮುಂದೆ ಸರಿದಿದ್ದು ಸರಾಸರಿ ಎರಡು ಸೆಂಟಿಮೀಟರಿನಷ್ಟು. ಚೆಂಡಿನ ವ್ಯಾಸವೇ ಆರು ಸೆಂಟಿಮೀಟರ್ ಮೇಲಿದೆ. ಒಂದು ಹೊಡೆತ ಒಂದಿಷ್ಟು ಜೋರಾದರೆ ಚೆಂಡುಗಳು ದೂರ ದೂರ ಹೋಗಿಬಿಡ್ತವೆ, ಅಲ್ಲಿಗೆ ಸರಣಿ ಮುಗೀತು. ಹಾಗಾಗಗೊಡದೆ ನಾಲ್ಕೂವರೆ ಗಂಟೆ, ಹತ್ತು ಸಾವಿರ ಸಲ. ಇದು ತೋಳಿನ ಬಲದ ಮಾತಲ್ಲ, ಬೆರಳಿನ ಮತ್ತು ತಾಳ್ಮೆಯ ಮಾತು.

ಗುರು ಮತ್ತು ಗಣಿತ

1937ರಲ್ಲಿ ಮಸಾಕೊ ಅವರಿಗೆ ಕಿನ್ರೇ ಮತ್ಸುಯಾಮಾ ಅವರ ಪರಿಚಯವಾಯಿತು. ಮತ್ಸುಯಾಮಾ ಜಪಾನಿನ ದೊಡ್ಡ ಚಾಂಪಿಯನ್. ಅಮೆರಿಕಕ್ಕೂ ಹೋಗಿ ಅಲ್ಲಿನ ಘಟಾನುಘಟಿಗಳ ಜತೆ ಆಡಿ ಬಂದವರು. ಹುಡುಗಿಯ ಕೈಚಳಕ ನೋಡಿ ಶಿಷ್ಯೆಯಾಗಿ ಸೇರಿಸಿಕೊಂಡು ಥ್ರೀ-ಕುಷನ್ ಹೇಳಿಕೊಟ್ಟರು.

ಥ್ರೀ-ಕುಷನ್ ಯಾಕೆ ಕಷ್ಟ ಅಂತ ಸ್ವಲ್ಪ ನೋಡೋಣ. ಚೆಂಡು ಕುಷನ್ನಿಗೆ ತಾಗಿ ವಾಪಸ್ ಬರುವಾಗ ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಅಂತ ಕನ್ನಡಿ ಪಾಠದಲ್ಲಿ ಓದಿದ್ದು ಇಲ್ಲಿ ನಡೆಯಲ್ಲ. ರಬ್ಬರ್ ಕುಷನ್ ಅದುಮುತ್ತೆ, ವೇಗ ಕಮ್ಮಿಯಾಗುತ್ತೆ, ಚೆಂಡಿಗೆ ಪಕ್ಕದ ಸ್ಪಿನ್ ಇದ್ದರೆ ಕೋನವೇ ಬದಲಾಗುತ್ತೆ. ಒಂದು ಕುಷನ್ನಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಮೂರನೇ ಕುಷನ್ ದಾಟಿ ಹೋಗೋ ಹೊತ್ತಿಗೆ ಆ ತಪ್ಪು ಒಂದು ಗೇಣಾಗಿರುತ್ತೆ. ಅದಕ್ಕೇ ಆಗಿನ ಕಾಲದ ದೊಡ್ಡ ಆಟಗಾರರೂ ಸರದಿಗೆ ಸರಾಸರಿ ಒಂದು ಪಾಯಿಂಟ್ ಹೊಡೆದರೆ ಒಳ್ಳೇ ಆಟ ಅಂತ ಲೆಕ್ಕ. ಸ್ಟ್ರೈಟ್ ರೈಲ್‌ನ ಹತ್ತು ಸಾವಿರ ಎಲ್ಲಿ, ಥ್ರೀ-ಕುಷನ್ನಿನ ಒಂದು ಎಲ್ಲಿ!

ಈ ಆಟದ ಭೌತಶಾಸ್ತ್ರದ ಬಗ್ಗೆ 1835ರಲ್ಲೇ ಒಂದು ಇಡೀ ಪುಸ್ತಕ ಬಂದಿತ್ತು. ಬರೆದವರು ನಮಗೆಲ್ಲ ಮೆಕ್ಯಾನಿಕ್ಸ್ ಪೇಪರಿನಲ್ಲಿ ಕಾಟ ಕೊಡುವ ಅದೇ ಕೊರಿಯೊಲಿಸ್. ಚೆಂಡನ್ನ ಮೇಜಿನಿಂದ ತ್ರಿಜ್ಯದ ಏಳೈದಾಂಶ, ಅಂದರೆ 7/5 ಪಟ್ಟು ಎತ್ತರದಲ್ಲಿ ಅಡ್ಡಡ್ಡ ಹೊಡೆದರೆ ಅದು ಜಾರದೆ ಶುರುವಿನಿಂದಲೇ ಉರುಳುತ್ತೆ ಅನ್ನೋದನ್ನ ನೀವೇ ಎರಡು ಸಮೀಕರಣ ಬರೆದು ಸಾಧಿಸಿ ನೋಡಬಹುದು. ಅದಕ್ಕಿಂತ ಕೆಳಗೆ ಹೊಡೆದರೆ ಮೊದಲು ಸ್ವಲ್ಪ ದೂರ ಜಾರಿ ಆಮೇಲೆ ಉರುಳುತ್ತೆ. ಆಟಗಾರರಿಗೆ ಇದರ ಜತೆಗೆ ಇನ್ನೊಂದು ಲೆಕ್ಕವೂ ಬೇಕು. ಮೇಜಿನ ಅಂಚಿನಲ್ಲಿ ಸಮ ಅಂತರಕ್ಕೆ ಕೂರಿಸಿರೋ ಚುಕ್ಕೆಗಳಿವೆ, ಅವಕ್ಕೆ ಡೈಮಂಡ್ ಅಂತಾರೆ. ಒಂದೊಂದು ಚುಕ್ಕೆಗೂ ಒಂದು ಸಂಖ್ಯೆ. ಚೆಂಡು ಹೊರಡುವ ಜಾಗದ ಸಂಖ್ಯೆಯಿಂದ ಮೂರನೇ ಕುಷನ್ನಿನಲ್ಲಿ ಬೇಕಾದ ಸಂಖ್ಯೆ ಕಳೆದರೆ ಮೊದಲ ಕುಷನ್ನಿನಲ್ಲಿ ಎಲ್ಲಿಗೆ ಹೊಡೀಬೇಕು ಅಂತ ಸಿಗುತ್ತೆ. 50ರಿಂದ ಹೊರಟು 20ಕ್ಕೆ ಬರಬೇಕಾದರೆ 30ಕ್ಕೆ ಗುರಿ. ಲೆಕ್ಕ ಮೂರನೇ ಕ್ಲಾಸಿನದು. ಆ ಲೆಕ್ಕ ನಿಜ ಆಗೋ ಹಾಗೆ ಪ್ರತಿ ಸಲವೂ ಅದೇ ಸ್ಪಿನ್, ಅದೇ ವೇಗ ಕೊಡೋದೇ ವಿದ್ಯೆ. ಮಸಾಕೊ ವರ್ಷಗಟ್ಟಲೆ ಕಲಿತಿದ್ದು ಅದನ್ನೇ.

ಜಪಾನಿನ ರಾಷ್ಟ್ರೀಯ ಥ್ರೀ-ಕುಷನ್ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರಿಗೆ ಬೇರೆ ವಿಭಾಗ ಅಂತ ಇರಲಿಲ್ಲ. ಗಂಡಸರ ಜತೆ ಆಡಿ ಮಸಾಕೊ ಮೂರು ಸಲ ಎರಡನೇ ಸ್ಥಾನ ಪಡೆದರು.

ಯುದ್ಧ, ಮದುವೆ, ಹಡಗು

ನಡುವೆ ಎರಡನೇ ಮಹಾಯುದ್ಧ ಬಂತು, ಹೋಯ್ತು. ಟೋಕಿಯೊ ಬಾಂಬಿಗೆ ಸುಟ್ಟು ಕರಕಲಾಗಿತ್ತು. ದೇಶ ಸೋತು ಅಮೆರಿಕದ ಸೇನೆಯ ಕೈಕೆಳಗೆ ಬಂತು. ಆಟ ಆಡೋಕೆ, ನೋಡೋಕೆ ಕೈಯಲ್ಲಿ ಕಾಸಿದ್ದವರು ಆಗ ಅಮೆರಿಕದ ಸೈನಿಕರೇ. ಅವರ ಕ್ಲಬ್ಬುಗಳಲ್ಲಿ ಮಸಾಕೊ ಪ್ರದರ್ಶನ ಕೊಡುತ್ತಿದ್ದರು. ಹಾಗೆ ನೋಡಲು ಬಂದವರಲ್ಲಿ ವರ್ನನ್ ಗ್ರೀನ್‌ಲೀಫ್ ಅನ್ನೋ ಸಾರ್ಜೆಂಟ್ ಒಬ್ಬರು. ಆಟ ಹೇಳಿಕೊಡಿ ಅಂತ ಪಾಠಕ್ಕೆ ಬಂದವರು 1950ರಲ್ಲಿ ಅವರನ್ನೇ ಮದುವೆಯಾದರು. ಮರುವರ್ಷ ಗಂಡನಿಗೆ ಅಮೆರಿಕಕ್ಕೆ ವರ್ಗವಾಯಿತು. 1951ರ ಕೊನೆಯಲ್ಲಿ ಮಸಾಕೊ ಹಡಗು ಹತ್ತಿ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದಿಳಿದರು. ಇಂಗ್ಲಿಷ್ ಬಹಳ ಕಮ್ಮಿ. ಊರು ಹೊಸದು. ಎರಡು ದೇಶಗಳ ನಡುವಿನ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಕೆಲವು ತಿಂಗಳಷ್ಟೇ ಆಗಿತ್ತು. ಅದೂ ಅದೇ ಊರಿನಲ್ಲಿ. ಒಪ್ಪಂದ ಇನ್ನೂ ಜಾರಿಗೆ ಬಂದಿರಲಿಲ್ಲ.

ಆ ಊರಿನಲ್ಲಿ ವೆಲ್ಕರ್ ಕಾಕ್ರನ್ ಅಂತ ಒಬ್ಬರಿದ್ದರು. ಎಂಟು ಸಲದ ವಿಶ್ವ ಚಾಂಪಿಯನ್, ಆಟದಿಂದ ನಿವೃತ್ತರಾಗಿ ಸ್ವಂತ ಬಿಲಿಯರ್ಡ್ಸ್ ಕ್ಲಬ್ ನಡೆಸುತ್ತಿದ್ದರು. 1952ರ ವಿಶ್ವ ಥ್ರೀ-ಕುಷನ್ ಪಂದ್ಯಾವಳಿ ನಡೆಯಬೇಕಿದ್ದದ್ದು ಆ ಕ್ಲಬ್ಬಿನಲ್ಲೇ. ಜಪಾನಿನ ಆಟಗಾರ್ತಿಯ ಹೆಸರು ಅವರ ಕಿವಿಗೆ ಬಿದ್ದಿತ್ತು, ಆದರೆ ನಂಬಿಕೆ ಇರಲಿಲ್ಲ. ಕರೆಸಿ, ಎದುರು ನಿಲ್ಲಿಸಿ ಆಡಿಸಿ ನೋಡಿದರು. ಸ್ಟ್ರೈಟ್ ರೈಲ್‌ನಲ್ಲಿ ನೂರುಗಟ್ಟಲೆ ಪಾಯಿಂಟ್ ಸತತವಾಗಿ ಬಿತ್ತು. ಥ್ರೀ-ಕುಷನ್ನಿನಲ್ಲಿ ತಮಗೇ ಆಗಲ್ಲ ಅನ್ನಿಸುವಂಥ ಹೊಡೆತಗಳು ಬಿದ್ದವು. ಅಷ್ಟು ನೋಡಿದ ಮೇಲೆ ಕಾಕ್ರನ್ ಹಿಂದುಮುಂದು ನೋಡಲಿಲ್ಲ, ಪಂದ್ಯಾವಳಿಗೆ ಆಹ್ವಾನ ಕೊಟ್ಟರು.

1952, ಮಾರ್ಚ್

ಆ ಪಂದ್ಯಾವಳಿಯಲ್ಲಿ ಯಾರ್‍ಯಾರಿದ್ದರು ನೋಡಿ. ವಿಲ್ಲಿ ಹಾಪ್ಪೆ: 1906ರಲ್ಲಿ ಹದಿನೆಂಟರ ಹುಡುಗನಾಗಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಪ್ರಶಸ್ತಿ ಗೆದ್ದವರು, 51 ವಿಶ್ವ ಪ್ರಶಸ್ತಿ ಅವರ ಹೆಸರಿನಲ್ಲಿದ್ದವು. ಮೆಕ್ಸಿಕೊದ ಜೋ ಚಮಾಕೊ. ಮರುವರ್ಷ ಚಾಂಪಿಯನ್ ಆಗಲಿದ್ದ ರೇ ಕಿಲ್ಗೋರ್. ಮಸಾಕೊ ಅವರ ಗುರು ಮತ್ಸುಯಾಮಾ ಕೂಡ ಜಪಾನಿನಿಂದ ಬಂದಿದ್ದರು. ಗುರು-ಶಿಷ್ಯೆ ಒಂದೇ ಪಂದ್ಯಾವಳಿಯಲ್ಲಿ ಸ್ಪರ್ಧಿಗಳು.

ಎಲ್ಲರಿಗೂ ಒಂದೇ ನಿಯಮ. ಮೊದಲು 50 ಪಾಯಿಂಟ್ ಮುಟ್ಟಿದವರಿಗೆ ಗೆಲುವು. ಹೆಂಗಸು ಅಂತ ಹತ್ತು ಪಾಯಿಂಟ್ ರಿಯಾಯಿತಿ ಇಲ್ಲ, ಮೇಜು ಚಿಕ್ಕದು ಮಾಡಲಿಲ್ಲ. ಮಸಾಕೊ ಅವರ ಎತ್ತರ ಐದು ಅಡಿ, ತೂಕ ನಲವತ್ತು ಕೆಜಿ ಆಸುಪಾಸು. ಹತ್ತಡಿ ಮೇಜಿನ ನಟ್ಟನಡುವಿನ ಚೆಂಡಿಗೆ ಕೈ ಎಟುಕಿಸೋದೇ ಅಂಥ ಮೈಕಟ್ಟಿನವರಿಗೆ ಒಂದು ಸಮಸ್ಯೆ. ಪತ್ರಿಕೆಯವರು ಬರೆದಿದ್ದು ಬಹಳ ಮಟ್ಟಿಗೆ ಅವರ ಎತ್ತರ, ತೂಕ, ಉಟ್ಟ ಬಟ್ಟೆ, ಮೆಟ್ಟಿದ ಹೀಲ್ಸ್ ಬಗ್ಗೆಯೇ. ಹಾಪ್ಪೆ ಯಾವ ಬಣ್ಣದ ಕೋಟ್ ಹಾಕಿದ್ದರು ಅಂತ ಬರೆಯಬೇಕು ಅಂತ ಅವರಿಗೆ ಅನ್ನಿಸಲಿಲ್ಲ.

ನೋಡೋಕೆ ಬಂದ ಜನ ಮಾತ್ರ ಆಟಕ್ಕೆ ಮರುಳಾದರು. ಬಟ್ಟೆ ನೋಡೋಕೆ ಬಂದವರೂ ಕೊನೆಗೆ ಚೆಂಡು ನೋಡಿಕೊಂಡು ಹೋದರು. ವಿಶ್ವಮಟ್ಟದ ಗಂಡಸರನ್ನ ಸೋಲಿಸಿ, ವಿಶ್ವಮಟ್ಟದ ಗಂಡಸರಿಗೆ ಸೋತು, ಮಸಾಕೊ ಏಳನೇ ಸ್ಥಾನದಲ್ಲಿ ಮುಗಿಸಿದರು. ಪ್ರಶಸ್ತಿ ಹಾಪ್ಪೆ ಪಾಲಾಯಿತು. ಅದೇ ವರ್ಷ ಅವರು ಸ್ಪರ್ಧೆಗಳಿಂದ ನಿವೃತ್ತರಾದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಏಳನೇ ಸ್ಥಾನದ ಕೆಳಗೆ ಗಂಡಸರಿದ್ದರು. ಹೆಂಗಸರಿಂದ ಈ ಆಟ ಆಗಲ್ಲ ಅನ್ನೋ ಮಾತು ಮಾರ್ಚ್ ಮೊದಲ ವಾರದವರೆಗೆ ಒಂದು ಅಭಿಪ್ರಾಯ ಆಗಿತ್ತು. ಮಾರ್ಚ್ ಮುಗಿಯೋ ಹೊತ್ತಿಗೆ ಅದು ಅಂಕಪಟ್ಟಿಯ ಎದುರು ಸುಳ್ಳು ಅಂತ ಸಾಬೀತಾಗಿತ್ತು.

ಏಳು, ಐದು, ನಾಲ್ಕು

ಪಂದ್ಯಾವಳಿ ಮುಗಿದ ಮೇಲೆ ಮಸಾಕೊ ಅಮೆರಿಕದ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡಿದರು. ಮೊದಲು ಕಾಕ್ರನ್ ಜತೆ, ಆಮೇಲೆ ಹಾಪ್ಪೆ ಜತೆ. ಯಾವ ಮೇಜಿನ ಹತ್ತಿರ ಸಾಮಾನ್ಯವಾಗಿ ಹೆಂಗಸರು ಸುಳಿಯುತ್ತಿರಲಿಲ್ಲವೋ ಅಲ್ಲಿಗೆ ಹೆಂಗಸರೂ ನೋಡೋಕೆ ಬಂದರು.

1953ರಲ್ಲಿ ವಿಶ್ವ ಪಂದ್ಯಾವಳಿ ಶಿಕಾಗೊದಲ್ಲಿ ನಡೆಯಿತು. ಕಿಲ್ಗೋರ್ ಗೆದ್ದರು, ಮಸಾಕೊ ಐದನೇ ಸ್ಥಾನ. 1954ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಗೆದ್ದವರು ಅಮೆರಿಕದ ತರುಣ ಹ್ಯಾರಲ್ಡ್ ವರ್ಸ್ಟ್, ಮಸಾಕೊ ನಾಲ್ಕನೇ ಸ್ಥಾನ. ಏಳು, ಐದು, ನಾಲ್ಕು. ಈ ಮೂರು ಬಿಂದುಗಳನ್ನ ಗ್ರಾಫ್ ಪೇಪರಿನ ಮೇಲೆ ಇಟ್ಟು ಗೆರೆ ಎಳೆದರೆ ಮುಂದಿನ ವರ್ಷಗಳಲ್ಲಿ ಏನಾಗಬೇಕಿತ್ತು ಅಂತ ಯಾರು ಬೇಕಾದರೂ ಹೇಳಬಹುದು. ಅದಾಗಲಿಲ್ಲ.

ಕಾರಣ ಅವರ ಆಟ ಕೆಟ್ಟಿದ್ದಲ್ಲ. ಆಡೋಕೆ ಪಂದ್ಯಾವಳಿಗಳೇ ಕಮ್ಮಿಯಾದವು. ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ಬಿಲಿಯರ್ಡ್ಸ್ ಹಾಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಹಾಪ್ಪೆ ಕಾಲದ ಜನಪ್ರಿಯತೆ ಹಾಪ್ಪೆ ಜತೆಗೇ ಹೋಗಿತ್ತು. ಇತ್ತ ಮಹಿಳೆಯರಿಗೆ ಬೇರೆ ವೃತ್ತಿಪರ ಪಂದ್ಯಾವಳಿ ಅನ್ನೋದು ಇರಲಿಲ್ಲ. ಗಂಡಸರಿಗಾದರೆ ಇನ್ನೊಂದು ದಾರಿಯಿತ್ತು, ರಾತ್ರಿ ಹಾಲುಗಳಲ್ಲಿ ದುಡ್ಡು ಕಟ್ಟಿ ಆಡಿ ಹೊಟ್ಟೆ ಹೊರೆಯೋದು. ಹೊರದೇಶದಿಂದ ಬಂದ ಒಬ್ಬ ಹೆಂಗಸಿಗೆ ಆ ದಾರಿ ಎಲ್ಲಿಂದ ಬರಬೇಕು?

ಹೀಗೆ ನಲವತ್ತೊಂದನೇ ವಯಸ್ಸಿಗೆ, ಆಟ ಹದಕ್ಕೆ ಬಂದಿದ್ದಾಗ, ಮಸಾಕೊ ಸ್ಪರ್ಧೆಯಿಂದ ದೂರವಾದರು. ಜಪಾನೀ ಭಾಷೆಯಲ್ಲಿ ಬಿಲಿಯರ್ಡ್ಸ್ ಕಲಿಸುವ ಪುಸ್ತಕ ಬರೆದರು. 1958ರಲ್ಲಿ ಒಂದಿಷ್ಟು ಪ್ರದರ್ಶನಗಳು, 1959ರಲ್ಲಿ ಅಮೆರಿಕದ ಎರಡು ಟಿವಿ ಕಾರ್ಯಕ್ರಮಗಳು. ಅದರಲ್ಲೊಂದು, ಬಂದವರ ಕಸುಬು ಏನು ಅಂತ ಊಹಿಸುವ ಆಟ. ಬಿಲಿಯರ್ಡ್ಸ್ ವೃತ್ತಿಯ ಹೆಂಗಸು ಅನ್ನೋದು ಊಹೆಗೆ ನಿಲುಕದ ವಿಷಯ, ಅದಕ್ಕೇ ಅವರನ್ನ ಕರೆದದ್ದು.

1961ರಲ್ಲಿ ಇನ್ನೊಂದು ಅವಕಾಶ ಬಂತು. ವಿಶ್ವ ಪ್ರಶಸ್ತಿಗಾಗಿ ಹ್ಯಾರಲ್ಡ್ ವರ್ಸ್ಟ್ ಎದುರು ನೇರ ಪಂದ್ಯ. ಮಸಾಕೊ ಅವರಿಗೆ 48, ವರ್ಸ್ಟ್‌ಗೆ ಇನ್ನೂ ಮೂವತ್ತರ ಆಸುಪಾಸು. ಏಳು ವರ್ಷ ಒಂದೂ ದೊಡ್ಡ ಪಂದ್ಯಾವಳಿ ಆಡದೆ ಬಂದು ಹಾಲಿ ಚಾಂಪಿಯನ್ ಎದುರು ನಿಂತರು. ಆ ಪಂದ್ಯ ಸೋತರು. ಅಲ್ಲಿಗೆ ಅವರ ಸ್ಪರ್ಧಾ ಜೀವನ ಮುಗಿಯಿತು.

ನಂತರದ ಮೌನ

1967ರಲ್ಲಿ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಮಸಾಕೊ ಜನರ ಕಣ್ಣಿನಿಂದ ಮರೆಯಾದರು. 1976ರಲ್ಲಿ ಒಂದು ದಿನ ಸ್ಯಾನ್‌ಫ್ರಾನ್ಸಿಸ್ಕೊದ ಒಂದು ಬಿಲಿಯರ್ಡ್ಸ್ ಹಾಲಿಗೆ ಬಂದರು. ಅಲ್ಲೇ ಇದ್ದ ಯಾರದೋ ಕ್ಯೂ ಈಸ್ಕೊಂಡು ಸ್ಟ್ರೈಟ್ ರೈಲ್‌ನಲ್ಲಿ ಸಲೀಸಾಗಿ ನೂರು ಪಾಯಿಂಟ್ ಹೊಡೆದು, ನೆರೆದವರಿಗೆ ನಗುತ್ತಾ ತಲೆಬಾಗಿ ಹೊರಟುಹೋದರು. ಆಗ ಅವರಿಗೆ 63. ಅವರು ಜನರ ಮುಂದೆ ಆಡಿದ ಕೊನೆಯ ಆಟ ಅದು.

ಅದೇ 1976ರಲ್ಲಿ ಅಮೆರಿಕದಲ್ಲಿ ಮಹಿಳಾ ವೃತ್ತಿಪರ ಬಿಲಿಯರ್ಡ್ಸ್ ಆಟಗಾರರ ಸಂಘ ಹುಟ್ಟಿತು. ಆ ಸಂಘ ತನ್ನ ಗೌರವ ಪಟ್ಟಿಗೆ ಮಸಾಕೊ ಅವರ ಹೆಸರು ಸೇರಿಸಿತು. ಅವರಿಗೆ ಬೇಕಾಗಿದ್ದ ಸಂಘ, ಅವರಿಗೆ ಬೇಕಾಗಿದ್ದ ಹೊತ್ತಿಗಿಂತ ಇಪ್ಪತ್ತೆರಡು ವರ್ಷ ತಡವಾಗಿ ಬಂತು. 1990ರ ಸುಮಾರಿಗೆ ಅವರು ಜಪಾನಿಗೆ ವಾಪಸಾದರು. 1995ರಲ್ಲಿ, ನಮ್ಮಲ್ಲಿ ಯಾರೂ ಹುಟ್ಟಿರದ ಕಾಲದಲ್ಲಿ, ತೀರಿಕೊಂಡರು.

2002ರಲ್ಲಿ ಜಪಾನಿನಲ್ಲಿ ಅವರ ನೆನಪಿಗೆ ಮಹಿಳೆಯರ ಥ್ರೀ-ಕುಷನ್ ಪಂದ್ಯಾವಳಿ ನಡೆಯಿತು. 2004ರಲ್ಲಿ ಮೊದಲ ಮಹಿಳಾ ವಿಶ್ವ ಥ್ರೀ-ಕುಷನ್ ಚಾಂಪಿಯನ್‌ಶಿಪ್ ಸ್ಪೇನಿನಲ್ಲಿ ನಡೆದಾಗ ಗೆದ್ದವರು ಓರಿಯೆ ಹಿದಾ, ಜಪಾನಿನವರೇ. 2021ರ ಮಾರ್ಚ್ 7ರಂದು ಗೂಗಲ್ ತೆರೆದವರಿಗೆ ಡೂಡಲ್‌ನಲ್ಲಿ ಕಂಡದ್ದು ಮಸಾಕೊ. ಅವತ್ತು ಎಷ್ಟೋ ಜನಕ್ಕೆ ಆ ಹೆಸರು ಮೊದಲ ಸಲ ಕಿವಿಗೆ ಬಿದ್ದಿತು.

ಮೇಜು ಯಾರಿಗೆ ಸಿಗುತ್ತೆ

ಕ್ಯೂ ಹಿಡಿಯುವ ಆಟಗಳು ನಮಗೇನೂ ಪರಕೀಯ ಅಲ್ಲ. ಸ್ನೂಕರ್ ಹುಟ್ಟಿದ್ದೇ ಭಾರತದಲ್ಲಿ, 1875ರ ಸುಮಾರಿಗೆ, ಜಬಲ್‌ಪುರದ ಬ್ರಿಟಿಷ್ ಸೇನಾಧಿಕಾರಿಗಳ ಮೆಸ್ಸಿನಲ್ಲಿ ಅಂತಾರೆ. ಮೇಜು ಮೆಸ್ಸಿನಲ್ಲಿ, ಆಮೇಲೆ ಕ್ಲಬ್ಬಿನಲ್ಲಿ. ಮೆಸ್ಸಿಗೂ ಕ್ಲಬ್ಬಿಗೂ ಯಾರಿಗೆ ಪ್ರವೇಶ ಇತ್ತೋ ಅವರು ಆಡಿದರು. ಅಲ್ಲಿಂದ ಬಹಳ ದೂರ ಬಂದಿದ್ದೇವೆ. ನಮ್ಮ ಕರ್ನಾಟಕದ ಚಿತ್ರಾ ಮಗಿಮೈರಾಜ್ ಮಹಿಳಾ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಆರ್. ಉಮಾದೇವಿ 2012ರಲ್ಲಿ ಅದೇ ಪ್ರಶಸ್ತಿ ತಂದರು. 2017ರಲ್ಲಿ ವಿದ್ಯಾ ಪಿಳ್ಳೈ ವಿಶ್ವ ಮಹಿಳಾ ಸ್ನೂಕರ್ ಫೈನಲ್ಲಿಗೆ ಹೋಗಿ, ಹಾಂಗ್‌ಕಾಂಗಿನ ಎನ್‌ಜಿ ಆನ್‌-ಯೀ ಎದುರು ಕೊನೆಯ ಫ್ರೇಮಿನವರೆಗೂ ಹೋರಾಡಿ 5-6ರಲ್ಲಿ ಸೋತರು. ಇವರೆಲ್ಲ ಆಡಿದ್ದು ಮಸಾಕೊ ಆಡಿದ ಆಟವನ್ನೇ ಅಲ್ಲ, ಅವರ ಮೇಜಿನಲ್ಲಿ ಗುಂಡಿಗಳಿವೆ. ಆದರೆ ಇವರಿಗೆ ಒಂದು ಸಂಘ, ಒಂದು ಪಂದ್ಯಾವಳಿ, ಹೆಸರು ಬರೆಸೋಕೆ ಒಂದು ಪಟ್ಟಿ ಇತ್ತು. ಮಸಾಕೊ ಅವರಿಗೆ ಅದ್ಯಾವುದೂ ಇರಲಿಲ್ಲ.

ಮಸಾಕೊ ಅವರ ಕಥೆಯಲ್ಲಿ ಪ್ರತಿಭೆ, ಶ್ರಮ ಎರಡೂ ಇವೆ, ಅನುಮಾನ ಬೇಡ. ಆದರೆ ಶುರುವಿನಲ್ಲಿ ಇದ್ದದ್ದು ಮನೆಯಲ್ಲಿ ಹಾಕಿದ ಒಂದು ಮೇಜು. ಅದೇ ಟೋಕಿಯೊದ ಬೇರೆ ಪಾರ್ಲರುಗಳಲ್ಲಿ ಪಾಯಿಂಟ್ ಎಣಿಸುತ್ತಾ ನಿಂತಿದ್ದ ಹುಡುಗಿಯರಲ್ಲಿ ಇನ್ನೆಷ್ಟು ಜನಕ್ಕೆ ಹತ್ತು ಸಾವಿರ ಹೊಡೆಯುವ ಬೆರಳಿತ್ತೋ ಯಾರಿಗೆ ಗೊತ್ತು? ಆಟ ಮುಗಿದ ಮೇಲೆ ಅವರು ಚೆಂಡು ಒರೆಸಿಟ್ಟು ಮನೆಗೆ ಹೋದರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಬಂದವರು ನಿಮ್ಮ ಊರನ್ನೇ ಒಮ್ಮೆ ನೆನೆಸಿಕೊಳ್ಳಿ. ವಳ್ಳೂರಿನಂಥ ಊರುಗಳಲ್ಲಿ ಕೇರಂ ಬೋರ್ಡ್ ಇರೋದು ಅಂಗಡಿ ಮುಂದೆಯೋ ಯುವಕರ ಸಂಘದ ರೂಮಿನಲ್ಲೋ. ಮೇಲೊಂದು ಬಲ್ಬು ಇಳಿಬಿಟ್ಟುಕೊಂಡು ರಾತ್ರಿ ಹತ್ತು, ಹನ್ನೊಂದರವರೆಗೆ ಆಟ. ಸುತ್ತ ಬಗ್ಗಿ ನೋಡ್ತಾ ಇರೋ ತಲೆಗಳಲ್ಲಿ ಒಂದಾದರೂ ಎರಡು ಜಡೆಯ ತಲೆ ಇರುತ್ತಾ? ಇರಲ್ಲ. ಹಾಗಂತ ಯಾರೂ ಬೋರ್ಡ್ ಹಾಕಿಲ್ಲ, ನಿಯಮ ಮಾಡಿಲ್ಲ. ಆದರೂ ಇರಲ್ಲ. ಬೇಸಿಗೆ ರಜೆಯಲ್ಲಿ ಮನೆ ಪಡಸಾಲೆಗೆ ಅದೇ ಬೋರ್ಡ್ ಬಂದರೆ, ಅಣ್ಣಂದಿರನ್ನ ಕೂರಿಸಿ ಸೋಲಿಸೋದು ಮನೆಯ ಚಿಕ್ಕ ಹುಡುಗಿಯೇ. ಬೋರ್ಡ್ ಬದಲಾಗಲಿಲ್ಲ, ಸ್ಟ್ರೈಕರ್ ಬದಲಾಗಲಿಲ್ಲ. ಜಾಗ ಬದಲಾಯಿತು, ಅಷ್ಟೇ.

ನಮ್ಮ ಕಾಲೇಜುಗಳಲ್ಲೂ ಟಿಟಿ ಟೇಬಲ್ಲು, ಕೇರಂ ಬೋರ್ಡು, ರೊಬೊಟಿಕ್ಸ್ ಕ್ಲಬ್ಬಿನ ಸೋಲ್ಡರಿಂಗ್ ಬೆಂಚು ಇವೆಲ್ಲ ಇವೆ. ಕ್ಲಾಸು ಬಿಟ್ಟ ಮೇಲೆ ಅವುಗಳ ಸುತ್ತ ಯಾರಿರ್ತಾರೆ, ಯಾರು ಬಾಗಿಲಿನಲ್ಲೇ ನಿಂತು ನೋಡಿ ವಾಪಸ್ ಹೋಗ್ತಾರೆ ಅಂತ ನಾಳೆ ಒಮ್ಮೆ ಗಮನಿಸಿ. ಹೋಗೋರನ್ನ ಬಾ, ಒಂದು ಕೈ ಆಡು ಅಂತ ಕರೆಯೋಕೆ ದುಡ್ಡೂ ಬೇಡ, ಪ್ರಿನ್ಸಿಪಾಲರ ಅನುಮತಿಯೂ ಬೇಡ. ಅನುಮಾನ ಇದ್ದರೂ ಕಾಕ್ರನ್ ಮಾಡಿದ್ದು ಅಷ್ಟೇ, ಕರೆದು ಕ್ಯೂ ಕೈಗೆ ಕೊಟ್ಟರು.